ನೀವೇ ಕಟ್ಟಿದ ಭಾಷೆಯಲ್ಲಿ ಸೆಕೆ, ಚಳಿ, ಮಳೆ ಹೇಳುವುದು ಹೇಗೆ?

ಕಾಲೇಜಿನಲ್ಲಿದ್ದಾಗ ನಾನು ಕಟ್ಟಿದ ಮೊದಲ ಭಾಷೆಯಲ್ಲಿ ಹಿಮಕ್ಕೆ ನಾಲ್ಕು ಪದ ಇದ್ದವು. ಬೀಳುವ ಹಿಮ, ನೆಲದ ಮೇಲೆ ಕೂತ ಹಿಮ, ಕರಗುವ ಹಿಮ, ಹೀಗೆ. ನಾನು ಹುಟ್ಟಿ ಬೆಳೆದದ್ದು ಉಡುಪಿಯಲ್ಲಿ. ಹಿಮ ನೋಡಿದ್ದು ಫ್ರಿಜ್ಜಿನ ಒಳಗೆ ಮಾತ್ರ.

ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿತ್ತು. ದೊಡ್ಡಮ್ಮ ಜಗುಲಿಯಲ್ಲಿ ಕೂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ನೋಟ್‌ಬುಕ್ ನೋಡಿ ಕೇಳಿದರು: "ನಿನ್ನ ಆ ಭಾಷೆಯಲ್ಲಿ ‘ಎಂತ ಸೆಕೆ ಮಾರಾಯ’ ಅಂತ ಹೇಳು ನೋಡುವ."

ನನ್ನ ಹತ್ತಿರ ‘ಬಿಸಿ’ ಅನ್ನುವ ಒಂದೇ ಪದ ಇತ್ತು. ಅದನ್ನು ಇಂಗ್ಲಿಷಿನ ಅಚ್ಚಿನಲ್ಲಿ ಕೂರಿಸಿ ಏನೋ ಹೇಳಿದೆ. ಅದರ ಅರ್ಥ "ನಾನು ಬಿಸಿ ಇದ್ದೇನೆ" ಎಂದು ಆಗುತ್ತಿತ್ತು. ದೊಡ್ಡಮ್ಮ ನಕ್ಕುಬಿಟ್ಟರು. "ನೀನೆಂತ, ಇಡ್ಲಿಯಾ?"

ಇಡ್ಲಿ ಬಿಸಿ ಇರುತ್ತದೆ. ಮನುಷ್ಯನಿಗೆ ಸೆಕೆ ಆಗುತ್ತದೆ. ಈ ವ್ಯತ್ಯಾಸ ನಿಘಂಟಿನಲ್ಲಿ ಮಾತ್ರ ಅಲ್ಲ, ವಾಕ್ಯ ಕಟ್ಟುವ ರೀತಿಯಲ್ಲೂ ಇದೆ. ಹೊಸ ಭಾಷೆ ಕಟ್ಟುವವರು ಸಾಮಾನ್ಯವಾಗಿ ಮೊದಲು ಪದಗಳ ಪಟ್ಟಿ ಮಾಡುತ್ತಾರೆ. ಹವಾಮಾನದ ವಿಷಯದಲ್ಲಿ ಅದು ತಲೆಕೆಳಗಾದ ಕ್ರಮ. ವಾಕ್ಯದಲ್ಲಿ ಯಾರಿಗೆ ಯಾವ ಜಾಗ ಅಂತ ಮೊದಲು ತೀರ್ಮಾನ ಆಗಬೇಕು. ಪದ ಆಮೇಲೆ ಹುಟ್ಟಿಸಿದರೆ ಆಯಿತು. ಉದಾಹರಣೆಗೆ ನನ್ನ ಈಗಿನ ಭಾಷೆ ‘ಲೀಯಸ’ವನ್ನು ಜೊತೆಗಿಟ್ಟುಕೊಳ್ಳೋಣ.

ಹೆಜ್ಜೆ 1: ಮಾತಾಡುವವರನ್ನು ಎಲ್ಲಾದರೂ ಕೂರಿಸಿ

ಇದು ಸಣ್ಣ ಕೆಲಸ, ಆದರೆ ತಪ್ಪಿಸಬೇಡಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಜನವಸತಿ ಇಲ್ಲ. ನಾನು ಅಂಥದ್ದೇ ಒಂದು ದ್ವೀಪ ಕಲ್ಪಿಸಿಕೊಂಡು ಒಂದಷ್ಟು ಮೀನುಗಾರರನ್ನು ಅಲ್ಲಿ ತಂದು ಕೂರಿಸಿದೆ. ಅವರಿಗೆ ನಮ್ಮದೇ ಹವೆ. ಜೂನ್ ಮೊದಲ ವಾರದ ಹೊತ್ತಿಗೆ ಮಳೆಗಾಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಏಪ್ರಿಲ್-ಮೇಯಲ್ಲಿ ಒಣಗದ ಬೆವರು. ಡಿಸೆಂಬರ್ ಬೆಳಗ್ಗೆ 20 ಡಿಗ್ರಿ ಆಸುಪಾಸಿಗೆ ಇಳಿದರೆ ಮಂಕಿ ಕ್ಯಾಪ್.

ಇಷ್ಟು ಬರೆದುಕೊಂಡ ಕೂಡಲೇ ಹಿಮದ ನಾಲ್ಕೂ ಪದ ಹಾರಿಹೋದವು. ಬದಲಿಗೆ ಸೆಕೆಗೂ ಬಿಸಿಲಿಗೂ ಬೇರೆ ಬೇರೆ ಪದ ಬೇಕಾಯಿತು. ಮೋಡ ಕವಿದ ದಿನ ಬಿಸಿಲು ಇರುವುದಿಲ್ಲ, ಸೆಕೆ ಮಾತ್ರ ಜಾಸ್ತಿಯೇ ಇರುತ್ತದೆ, ಅಲ್ವಾ? ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಳುವಿನಲ್ಲೂ ಬಿಸಿಲಿಗೆ ‘ದೊಂಬು’, ಸೆಕೆಗೆ ‘ಸೆಕೆ’.

ಹೆಜ್ಜೆ 2: ಬಿಸಿಯನ್ನು ಬಿಡಿಸಿ ನೋಡಿ

ಇಲ್ಲಿ ನಿಧಾನವಾಗಿ ಹೋಗೋಣ. ತಾಪದ ಬಗ್ಗೆ ಹಲವು ಭಾಷೆಗಳನ್ನು ಹೋಲಿಸಿ ನೋಡಿದ ಭಾಷಾವಿಜ್ಞಾನಿಗಳು ಅದನ್ನು ಮೂರಾಗಿ ಬಿಡಿಸುತ್ತಾರೆ. ಸ್ಟಾಕ್‌ಹೋಮಿನ ಮರಿಯಾ ಕೊಪ್ಟ್ಯೆವ್‌ಸ್ಕಾಯಾ-ಟಾಮ್ ಈ ವಿಷಯದಲ್ಲಿ ದೊಡ್ಡ ಹೆಸರು. ಆ ಮೂರು ಯಾವುವೆಂದರೆ: ಮುಟ್ಟಿ ತಿಳಿಯುವ ಬಿಸಿ (ಚಹಾ ಲೋಟ, ಕಾವಲಿ), ಸುತ್ತಲಿನ ಹವೆಯ ಬಿಸಿ (ಈ ಕೋಣೆ, ಈ ದಿನ), ಮತ್ತು ಮೈಯೊಳಗೆ ಅನಿಸುವ ಬಿಸಿ (ನನಗೆ ಆಗುವ ಸೆಕೆ).

ಭಾಷೆಗಳು ಈ ಮೂರನ್ನು ಬೇರೆ ಬೇರೆ ರೀತಿ ಗಂಟು ಹಾಕುತ್ತವೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಹಾಟ್’ ಒಂದೇ ಸಾಕು. ರಷ್ಯನ್ನಿನಲ್ಲಿ ಹವೆಗೂ ಮೈಗೂ ಒಂದು ಪದ, ಮುಟ್ಟುವ ಬಿಸಿಗೆ ಬೇರೆ. ಜಪಾನಿಯಲ್ಲಿ ತಣ್ಣಗಿನ ಕಡೆ ನೋಡಿ: ಹವೆಯ ಚಳಿ, ಮೈಯ ಚಳಿ ಎರಡಕ್ಕೂ ‘ಸಮುಯಿ’. ತಣ್ಣನೆ ನೀರಿಗೆ ‘ತ್ಸುಮೆತಾಯಿ’. ಅಲ್ಲಿ ನೀರನ್ನು ಸಮುಯಿ ಅಂದರೆ, ನಾವು "ನೀರು ಚಳಿ ಇದೆ" ಅಂದಷ್ಟೇ ವಿಚಿತ್ರ.

ಕನ್ನಡ ಹೆಚ್ಚುಕಡಿಮೆ ಇದೇ ಗುಂಪಿನದ್ದು. ಸೆಕೆ ಮತ್ತು ಚಳಿ ಹವೆಗೂ ಮೈಗೂ. ಬಿಸಿ ಮತ್ತು ತಣ್ಣಗೆ ಮುಟ್ಟುವುದಕ್ಕೆ. ನಡುವೆ ‘ಬೆಚ್ಚಗೆ’, ‘ತಂಪು’ ಎರಡೂ ಕಡೆ ಓಡಾಡುತ್ತವೆ.

ನಮ್ಮಲ್ಲಿ ನಾಲ್ಕನೆಯ ಬಿಸಿಯೂ ಒಂದಿದೆ. ಯುರೋಪಿನ ಭಾಷೆಗಳನ್ನೇ ನೋಡಿ ಭಾಷೆ ಕಟ್ಟುವವರಿಗೆ ಇದು ಹೊಳೆಯುವುದೇ ಇಲ್ಲ. ಅದು ಉಷ್ಣ-ತಂಪು. ಹಲಸಿನ ಹಣ್ಣು ಫ್ರಿಜ್ಜಿನಿಂದ ತೆಗೆದರೂ ಉಷ್ಣ. ರಾಗಿ ಗಂಜಿ ಕುದಿಯುತ್ತಿದ್ದರೂ ತಂಪು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದ ಮೇಲೆ ಮೆಂತೆ ಗಂಜಿ ಉಣ್ಣುವುದು ಯಾಕೆ? ಕಷಾಯ ಉಷ್ಣ, ಮೆಂತೆ ತಂಪು. ಥರ್ಮಾಮೀಟರಿಗೆ ಇದು ಸಿಗುವುದಿಲ್ಲ. ಭಾಷೆಗೆ ಸಿಗಬೇಕು.

ಈಗ ನೀವು ಮಾಡಬೇಕಾದ್ದು ಇಷ್ಟು: ಹಾಳೆಯಲ್ಲಿ ನಾಲ್ಕು ಮನೆ ಬರೆಯಿರಿ. ಮುಟ್ಟುವುದು, ಹವೆ, ಮೈ, ಗುಣ. ಯಾವ ಮನೆಗಳ ನಡುವೆ ಗೋಡೆ ಬೇಕು, ಯಾವುದರ ನಡುವೆ ಬಾಗಿಲು ಸಾಕು ಅಂತ ನೋಡಿ. ನಾಲ್ಕನ್ನೂ ಬೇರೆ ಮಾಡಿದರೆ ಭಾಷೆ ಭಾರ ಆಗುತ್ತದೆ. ನಾಲ್ಕನ್ನೂ ಒಂದು ಮಾಡಿದರೆ ದೊಡ್ಡಮ್ಮ ನಗುತ್ತಾರೆ.

ಲೀಯಸದಲ್ಲಿ ನಾನು ಹವೆ ಮತ್ತು ಮೈಯನ್ನು ಸೇರಿಸಿದೆ, ಮುಟ್ಟುವುದನ್ನು ಬೇರೆ ಇಟ್ಟೆ. ಹವೆಯ ಬಿಸಿ ‘ಹುಮ’, ಹವೆಯ ಚಳಿ ‘ತಿರ’. ಮುಟ್ಟುವ ಬಿಸಿ ‘ಕೇಸ’, ಮುಟ್ಟುವ ತಣ್ಣಗೆ ‘ನೋಲ’. ಗುಣದ ಉಷ್ಣವನ್ನು ಸದ್ಯಕ್ಕೆ ಬಿಟ್ಟಿದ್ದೇನೆ, ದ್ವೀಪದವರು ಇನ್ನೂ ಹಲಸು ಬೆಳೆದಿಲ್ಲ.

ಒಂದು ಎಚ್ಚರಿಕೆ. ‘ಕೇಸ’ ಮೊದಲು ‘ಕಸ’ ಆಗಿತ್ತು. "ಕಸತ ಲೀಯ" ಅಂದರೆ ನೀರು ಬಿಸಿ ಇದೆ ಅಂತ ಅಕ್ಕನ ಮಗಳಿಗೆ ಹೇಳಿಕೊಟ್ಟೆ. ಅವಳು ಗುಡಿಸುವ ಪೊರಕೆ ತಂದು ಮುಂದೆ ಇಟ್ಟಳು. ನೀರಿಗೆ ಮೊದಲು ‘ಒರಿ’ ಅಂತ ಇಟ್ಟಿದ್ದೆ. ತುಳುವಿನಲ್ಲಿ ಒರಿ ಅಂದರೆ ಒಬ್ಬ. "ಒಬ್ಬ ಬಿಸಿ ಇದ್ದಾನೆ" ಅಂತ ಗೆಳೆಯರು ವಾರಗಟ್ಟಲೆ ಕಾಡಿಸಿದರು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳಿಸುವ ಊರಿನಲ್ಲಿ ಹೊಸ ಪದ ಹುಟ್ಟಿಸುವ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ ನೋಡುವುದು ಒಳ್ಳೆಯದು.

ಹೆಜ್ಜೆ 3: ವಾಕ್ಯದಲ್ಲಿ ಯಾರಿಗೆ ಯಾವ ಕುರ್ಚಿ?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಚಳಿ ಆದಾಗ ‘ನಾನು’ ವಾಕ್ಯದ ಯಾವ ಕುರ್ಚಿಯಲ್ಲಿ ಕೂರುತ್ತೇನೆ?

ಇಂಗ್ಲಿಷಿನಲ್ಲಿ ಕರ್ತೃವಿನ ಕುರ್ಚಿ: ನಾನು ಚಳಿ ಇದ್ದೇನೆ. ಫ್ರೆಂಚಿನಲ್ಲಿ ಮಾಲೀಕನ ಕುರ್ಚಿ: "ಝೇ ಫ್ರುವಾ", ಅಂದರೆ ನಾನು ಚಳಿ ಹೊಂದಿದ್ದೇನೆ. ಜರ್ಮನ್ನಿನಲ್ಲಿ "ಮಿರ್ ಇಸ್ಟ್ ಕಾಲ್ಟ್", ನನಗೆ ಚಳಿ. ಅಲ್ಲಿ ಬದಲಿಗೆ "ಇಷ್ ಬಿನ್ ಕಾಲ್ಟ್" ಅಂದರೆ ಸ್ವಭಾವವೇ ತಣ್ಣಗೆ ಅನ್ನುವ ಅರ್ಥ ಬರುತ್ತದೆ.

ಕನ್ನಡದ ‘ನನಗೆ ಚಳಿ ಆಗುತ್ತಿದೆ’, ತುಳುವಿನ ‘ಎಂಕ್ ಚಳಿ ಆಪುಂಡು’ ಎರಡೂ ಇದೇ ‘ನನಗೆ’ ಗುಂಪಿನವು. ಚಳಿ ಬರುತ್ತದೆ, ಆಗುತ್ತದೆ. ನಾನು ಅದು ಬಂದು ತಟ್ಟುವ ಜಾಗ ಅಷ್ಟೆ. ಹಸಿವು, ನಿದ್ದೆ, ಸಿಟ್ಟು, ನಾಚಿಕೆ ಎಲ್ಲದಕ್ಕೂ ನಮ್ಮಲ್ಲಿ ಇದೇ ಕುರ್ಚಿ. ಹಾಗಾಗಿ ನಿಮ್ಮ ಭಾಷೆಯಲ್ಲಿ ಚಳಿಗೆ ಕೊಟ್ಟ ಜಾಗ ನಾಳೆ ಹಸಿವಿಗೂ ಬೇಕಾಗುತ್ತದೆ. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ದಾರಿ ಲೊಜ್‌ಬಾನ್‌ನದ್ದು. ತರ್ಕದ ಮೇಲೆ ಕಟ್ಟಿದ ಭಾಷೆ ಅದು, 1987ರಲ್ಲಿ ಶುರುವಾಯಿತು. ಅಲ್ಲಿ ಬಿಸಿ ಎನ್ನುವ ‘ಗ್ಲಾರೆ’ ಪದಕ್ಕೆ ಎರಡು ಕುರ್ಚಿ ಇವೆ: ಯಾವುದು ಬಿಸಿ, ಯಾವ ಅಳತೆಯ ಪ್ರಕಾರ ಬಿಸಿ. ಎರಡನೆಯದು ನನಗೆ ಬಹಳ ಇಷ್ಟ. ಚಿಕ್ಕಮಗಳೂರಿನವರ ಚಳಿಯೂ ಮಂಗಳೂರಿನವರ ಚಳಿಯೂ ಒಂದೇ ಅಲ್ಲ ಅನ್ನುವುದನ್ನು ವ್ಯಾಕರಣವೇ ಒಪ್ಪಿಕೊಂಡ ಹಾಗಾಯಿತು.

ಲೀಯಸದಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ‘ವಿ’ ಅಂದರೆ ನಾನು. ‘-ಲು’ ಸೇರಿಸಿದರೆ ನನಗೆ, ನನ್ನ ಮೈಗೆ. ‘-ಶೆ’ ಅಂದರೆ ಜಾಗ. ‘-ತ’ ಅಂದರೆ ಈಗ ನಡೆಯುತ್ತಿದೆ.

ಹುಮತ. (ಸೆಕೆ ಇದೆ.)
ಹುಮತ ಮಲ್ಪೆಶೆ. (ಮಲ್ಪೆಯಲ್ಲಿ ಸೆಕೆ.)
ಹುಮತ ವಿಲು. (ನನಗೆ ಸೆಕೆ ಆಗುತ್ತಿದೆ.)
ಕೇಸತ ಲೀಯ. (ನೀರು ಬಿಸಿ ಇದೆ.)

ಮೊದಲ ವಾಕ್ಯಕ್ಕೆ ಕರ್ತೃವೇ ಇಲ್ಲ, ಗಮನಿಸಿ. ಹವೆ ಯಾರ ಕೈಕೆಳಗೂ ಕೆಲಸ ಮಾಡುವುದಿಲ್ಲ. ಇಂಗ್ಲಿಷಿನ ಹಾಗೆ ‘ಇಟ್’ ಎಂಬ ಬೆದರುಬೊಂಬೆಯನ್ನು ನಿಲ್ಲಿಸಬೇಕಾದ ಅಗತ್ಯ ನಿಮಗಿಲ್ಲ. ಎಸ್ಪರಾಂಟೊ ಕೂಡ ನಿಲ್ಲಿಸುವುದಿಲ್ಲ. 1887ರಲ್ಲಿ ಜಾಮೆನ್‌ಹಾಫ್ ಹೊರತಂದ ಆ ಭಾಷೆಯಲ್ಲಿ ‘ಪ್ಲುವಾಸ್’ ಅಂದರೆ ಮಳೆ ಬರುತ್ತಿದೆ. ಒಂದೇ ಪದ, ಪೂರ್ತಿ ವಾಕ್ಯ. ಹವೆ ಬೆಚ್ಚಗಿದ್ದರೆ ‘ಎಸ್ತಾಸ್ ವಾರ್ಮೆ’, ನೀರು ಬೆಚ್ಚಗಿದ್ದರೆ ‘ವಾರ್ಮಾ’. ಕೊನೆಯ ಸ್ವರ ಬದಲಾಯಿಸಿಯೇ ಹವೆಯನ್ನೂ ವಸ್ತುವನ್ನೂ ಬೇರೆ ಮಾಡಿದರು. ಅಗ್ಗದಲ್ಲಿ ಒಳ್ಳೆಯ ಕೆಲಸ.

ಈಗ ಪರೀಕ್ಷೆ. ಕುರ್ಚಿಗಳು ಸರಿ ಇವೆಯೋ ಇಲ್ಲವೋ ನೋಡಲು ಚಳಿಜ್ವರಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಮೈ ಮುಟ್ಟಿದರೆ ಸುಡುತ್ತದೆ, ಆದರೆ ರೋಗಿ ಎರಡು ಕಂಬಳಿ ಹೊದ್ದು ನಡುಗುತ್ತಾನೆ. ಒಂದೇ ಮನುಷ್ಯ, ಒಂದೇ ಹೊತ್ತು, ಬಿಸಿಯೂ ಹೌದು, ಚಳಿಯೂ ಹೌದು. ನಿಮ್ಮ ಭಾಷೆ ಇದನ್ನು ಗೊಂದಲ ಇಲ್ಲದೆ ಹೇಳುತ್ತದಾ?

ತಿರತ ವಿಲು, ಕೇಸತ ವಿ.

ನನಗೆ ಚಳಿ, ನನ್ನ ಮೈ ಬಿಸಿ. ಒಂದು ಕಡೆ ‘-ಲು’ ಇದೆ, ಇನ್ನೊಂದು ಕಡೆ ಇಲ್ಲ. ಅಷ್ಟರಲ್ಲೇ ಕೆಲಸ ಆಯಿತು. ನಾನು ಜಗುಲಿಯಲ್ಲಿ ಹೇಳಿದ್ದ ಹಳೆಯ ವಾಕ್ಯ ಈಗ ತಾನಾಗಿಯೇ ‘ನನಗೆ ಜ್ವರ’ ಎಂಬ ಅರ್ಥಕ್ಕೆ ಬಂದುಬಿಟ್ಟಿತ್ತು. ನಾನು ಅದಕ್ಕೆ ಬೇರೆ ಪದ ಹುಟ್ಟಿಸಲೇ ಇಲ್ಲ.

ಹೆಜ್ಜೆ 4: ಮಳೆ ಹೆಸರೋ, ಕೆಲಸವೋ?

ಕನ್ನಡದಲ್ಲಿ ಮಳೆ ನಾಮಪದ. ಅದಕ್ಕೊಂದು ಕ್ರಿಯಾಪದ ಬೇಕು: ಮಳೆ ಬರುತ್ತದೆ, ಸುರಿಯುತ್ತದೆ, ಹೊಯ್ಯುತ್ತದೆ. ಆದರೆ ಅದೇ ಆಕಾಶದ ಗುಡುಗು ಹಾಗಲ್ಲ. ‘ಗುಡುಗುತ್ತಿದೆ’ ಅಂದರೆ ಸಾಕು, ಯಾರು ಅಂತ ಯಾರೂ ಕೇಳುವುದಿಲ್ಲ. ‘ಮಿಂಚುತ್ತಿದೆ’ ಕೂಡ ಹಾಗೇ. ಒಂದೇ ಭಾಷೆಯೊಳಗೆ ಎರಡು ಪದ್ಧತಿ ಇರಬಹುದು, ಇರಲಿ. ತೀರಾ ಅಚ್ಚುಕಟ್ಟಾದ ಭಾಷೆ ಫ್ಯಾಕ್ಟರಿಯಿಂದ ಬಂದ ಹಾಗೆ ಕಾಣುತ್ತದೆ.

ಇನ್ನೊಂದು ಸೊಗಸು ನೋಡಿ. ನಮ್ಮಲ್ಲಿ ಹವಾಮಾನದ ಒಂದೊಂದು ಹೆಸರಿಗೂ ಅದರದ್ದೇ ಜೋಡಿ ಕ್ರಿಯಾಪದ ಇದೆ. ಗಾಳಿ ಬೀಸುತ್ತದೆ, ಮೋಡ ಕವಿಯುತ್ತದೆ, ಇಬ್ಬನಿ ಬೀಳುತ್ತದೆ, ಸಿಡಿಲು ಎರಗುತ್ತದೆ, ಬಿಸಿಲು ಏರುತ್ತದೆ, ಮಂಜು ಮುಸುಕುತ್ತದೆ. ಇವನ್ನು ಅದಲುಬದಲು ಮಾಡಲಾಗದು. "ಮೋಡ ಬೀಸಿತು" ಅಂದರೆ ಕವಿತೆ ಆಗುತ್ತದೆ. ಬೇರೆ ಕಡೆಯೂ ಇಂಥ ಆಟಗಳಿವೆ. ರಷ್ಯನ್ನಿನಲ್ಲಿ ಮಳೆ ‘ನಡೆಯುತ್ತದೆ’. ಚೀನಿಯಲ್ಲಿ ‘ಶ್ಯಾ ಯೂ’, ಇಳಿಯುವ ಕ್ರಿಯೆ ಮೊದಲು, ಮಳೆ ಆಮೇಲೆ. ತುರ್ಕಿಯಲ್ಲಿ ಮಳೆ ಎಂಬ ಹೆಸರೂ ಸುರಿಯುವ ಕ್ರಿಯೆಯೂ ಒಂದೇ ಬೇರಿನವು. ಫಿನ್ನಿಶ್‌ನಲ್ಲಿ ‘ಸತಾ’ ಅಂದರೆ ಸಾಕು, ಕರ್ತೃ ಬೇಡ.

ನಿಮ್ಮ ಮುಂದೆ ಮೂರು ದಾರಿ ಇವೆ: ಬರೀ ಕ್ರಿಯಾಪದ, ಹೆಸರು ಮತ್ತು ಸಾಮಾನ್ಯ ಕ್ರಿಯಾಪದ (ಬರು, ಆಗು, ಇರು), ಹೆಸರು ಮತ್ತು ಅದರದ್ದೇ ಜೋಡಿ. ಮೂರನೆಯದು ಕಲಿಯಲು ಕಷ್ಟ, ಆದರೆ ಭಾಷೆಗೆ ವಯಸ್ಸಾದ ಹಾಗೆ ಕಾಣಿಸುವುದು ಅದರಿಂದಲೇ. ನಾನು ಮೊದಲನೆಯದನ್ನು ಹಿಡಿದೆ. ಮೀನುಗಾರರು ದೋಣಿಯ ಮೇಲೆ ಕೂಗಿ ಹೇಳಬೇಕಾದ ಮಾತು ಚಿಕ್ಕದಿರಲಿ ಅಂತ.

ಡೂರತ. (ಮಳೆ ಬರುತ್ತಿದೆ.)
ಡೂರಕ. (ಮಳೆ ಬಂದು ನಿಂತಿತು.)
ಡೂರಮಿ. (ಮಳೆ ಬರಲಿದೆ.)
ಸಿಡೂರತ. (ಮಳೆ ಇಲ್ಲ.)

ಇಲ್ಲಿ ‘-ಕ’ ಮತ್ತು ‘ಸಿ-’ ಯಾಕೆ ಬೇರೆ ಎಂಬ ವಿಷಯ. "ಮಳೆ ಇಲ್ಲ" ಮತ್ತು "ಮಳೆ ಬಿಟ್ಟಿದೆ" ಎರಡೂ ಒಂದೇ ಅಲ್ಲ. ಜುಲೈಯಲ್ಲಿ ಯಾರೂ "ಮಳೆ ಇಲ್ಲ" ಅನ್ನುವುದಿಲ್ಲ. "ಈಗ ಸ್ವಲ್ಪ ಬಿಟ್ಟಿದೆ, ಬೇಗ ಹೋಗಿ ಬಾ" ಅನ್ನುತ್ತಾರೆ. ಮಳೆಯೇ ಮಾಮೂಲು ಸ್ಥಿತಿ ಆದಾಗ ಅದು ಇಲ್ಲದಿರುವುದೇ ಘಟನೆ. ನಿಮ್ಮವರು ಮಳೆ ಊರಿನವರಾದರೆ ‘ಬಿಡು’ ಎಂಬುದಕ್ಕೊಂದು ಚಿಕ್ಕ ಪದ ಕೊಡಿ. ನಾನು ‘-ಕ’ ಮತ್ತು ‘ಸಿ-’ ಎರಡನ್ನೂ ಬೇರೆ ಇಟ್ಟದ್ದು ಇದಕ್ಕೇ.

ಹೆಜ್ಜೆ 5: ಎಷ್ಟು?

ಅಳತೆಗೆ ಅಂಕಿ ಹಾಕುವ ಮೊದಲು ಮೆಟ್ಟಿಲು ಹಾಕಿ. ಮೆಟ್ಟಿಲಿನ ಗುರುತು ಊರಿನಲ್ಲೇ ಸಿಗುತ್ತದೆ. ಕನ್ನಡದ ‘ಉಗುರುಬೆಚ್ಚಗೆ’ ಎಂಬ ಪದದಲ್ಲಿ ಬೆರಳೇ ಥರ್ಮಾಮೀಟರ್. ನಮ್ಮ ಮನೆಯಲ್ಲಿ ಚಳಿಯ ಗುರುತು ತೆಂಗಿನೆಣ್ಣೆ ಬಾಟ್ಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಳಗ್ಗೆ ಎಣ್ಣೆ ಬೀಳದಿದ್ದರೆ ಚಳಿಗಾಲ ಬಂತು ಅಂತ ಲೆಕ್ಕ. ಲೀಯಸದವರೂ ‘ಎಣ್ಣೆ ಗಟ್ಟಿ’ ಅನ್ನುವುದನ್ನೇ ಚಳಿಯ ಮೊದಲ ಮೆಟ್ಟಿಲು ಮಾಡಿಕೊಂಡಿದ್ದಾರೆ. ಮೇಲಿನ ತುದಿಗೆ ಇಡ್ಲಿ ಹಬೆ. ನಡುವೆ ಕೈಯ ಚರ್ಮದ 33 ಡಿಗ್ರಿ ಆಸುಪಾಸು. ಮುಟ್ಟುವ ಬಿಸಿಗೆ ಕೈಯೇ ಅಳತೆ ಆದ್ದರಿಂದ ಸೊನ್ನೆಯನ್ನು ಅಲ್ಲೇ ಇಡುವುದು ಸಹಜ.

ಸೊನ್ನೆ ಎಲ್ಲಿ, ಯಾವ ಕಡೆ ‘ಹೆಚ್ಚು’ ಅನ್ನುವುದು ದೇವರು ಕೊಟ್ಟದ್ದಲ್ಲ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆ ಮಾಡಿದಾಗ ನೀರು ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಇಟ್ಟಿದ್ದ. ಅದನ್ನು ತಿರುಗಿಸಿದ್ದು ಆಮೇಲೆ. ನಿಮ್ಮ ಭಾಷೆಯಲ್ಲಿ ಚಳಿಯೇ ಮೇಲಕ್ಕೆ ‘ಏರಲಿ’, ಯಾರು ಬೇಡ ಅಂದರು? ಎಸ್ಪರಾಂಟೊ ಚಳಿಗೆ ಬೇರೆ ಬೇರನ್ನೇ ಕೊಡಲಿಲ್ಲ. ‘ಬೆಚ್ಚಗೆ’ಯ ಮುಂದೆ ವಿರುದ್ಧಾರ್ಥದ ‘ಮಾಲ್’ ಹಚ್ಚಿ ‘ಮಾಲ್ವಾರ್ಮಾ’ ಮಾಡಿತು. ಸೋನ್ಯಾ ಲಾಂಗ್ 2001ರಲ್ಲಿ ಹೊರತಂದ ಟೋಕಿ ಪೋನದಲ್ಲಿ ಒಟ್ಟು ಪದಗಳೇ ನೂರಿಪ್ಪತ್ತರ ಆಸುಪಾಸು. ಅಷ್ಟರಲ್ಲೂ ಬಿಸಿಗೆ ‘ಸೆಲಿ’, ತಣ್ಣಗೆ ‘ಲೆತೆ’ ಅಂತ ಎರಡಕ್ಕೂ ಜಾಗ ಇದೆ. ಜಿಪುಣರಾದರೂ ಚಳಿಯಲ್ಲಿ ಜಿಪುಣತನ ಮಾಡಲಿಲ್ಲ.

ಒಂದು ಗುಂಡಿಗೆ ಬೀಳಬೇಡಿ. ‘ಎರಡು ಪಟ್ಟು ಬಿಸಿ’ ಅನ್ನುವ ರೂಪವನ್ನು ವ್ಯಾಕರಣದಲ್ಲಿ ಇಡುವ ಮೊದಲು ಯೋಚಿಸಿ. 40 ಡಿಗ್ರಿ ಸೆಲ್ಸಿಯಸ್ ಅಂದರೆ 20ರ ಎರಡು ಪಟ್ಟು ಬಿಸಿ ಅಲ್ಲ, ಯಾಕೆಂದರೆ ಅಲ್ಲಿನ ಸೊನ್ನೆ ನಾವೇ ಇಟ್ಟದ್ದು. ‘ಇದಕ್ಕಿಂತ ಜಾಸ್ತಿ’, ‘ಇಷ್ಟು ಮೆಟ್ಟಿಲು ಮೇಲೆ’ ಅನ್ನುವ ರೂಪಗಳು ಸಾಕು.

ಮಳೆಯ ಅಳತೆ ಇನ್ನೂ ಮಜಾ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಮಕ್ಕಳ ಲೆಕ್ಕದಲ್ಲಿ ಇರುವುದು ಎರಡೇ: ಕೊಡೆ ಮಳೆ, ರಜೆ ಮಳೆ. ಎರಡೂ ಸರಿಯಾದ ಪದ್ಧತಿಗಳೇ. ಒಂದು ಮಳೆಯನ್ನು ಅಳೆಯುತ್ತದೆ, ಇನ್ನೊಂದು ಮಳೆ ಏನು ಮಾಡಿತು ಎಂಬುದನ್ನು. ಮಾತಾಡುವ ಭಾಷೆಗೆ ಎರಡನೆಯದೇ ಹತ್ತಿರ.

ವ್ಯಾಕರಣದಲ್ಲಿ ಇದಕ್ಕೆ ಸುಲಭ ದಾರಿ ದ್ವಿರುಕ್ತಿ. ‘ಬಿಸಿ ಬಿಸಿ’, ‘ಜಿಟಿ ಜಿಟಿ’ ಅಂತ ನಮಗೆ ಅಭ್ಯಾಸ ಇದ್ದದ್ದೇ. ಲೀಯಸದಲ್ಲಿ ಮೊದಲ ಅಕ್ಷರ ಇಮ್ಮಡಿಯಾದರೆ ಜೋರು, ನಡುವೆ ‘-ಚಿ-’ ಬಂದರೆ ಸ್ವಲ್ಪ. ‘ಡೂಡೂರತ’ ಅಂದರೆ ಧೋ ಎಂದು ಮಳೆ. ‘ಡೂರಚಿತ’ ಅಂದರೆ ತುಂತುರು.

ಹೆಜ್ಜೆ 6: ಕಾಯುವುದು, ಆರುವುದು

ಬಿಸಿ ಇರುವುದು ಬೇರೆ, ಬಿಸಿ ಆಗುವುದು ಬೇರೆ, ಬಿಸಿ ಮಾಡುವುದು ಬೇರೆ. ಹಂಡೆಯ ನೀರಿನ ಕತೆ ಸಾಕು: ನೀರು ಬಿಸಿ ಇದೆ, ನೀರು ಕಾಯುತ್ತಿದೆ, ನೀರು ಕಾಯಿಸುತ್ತಿದ್ದೇನೆ. ಕನ್ನಡ ಎರಡನೆಯದಕ್ಕೆ ಬೇರೆಯೇ ಧಾತು ತಂದಿತು, ಮೂರನೆಯದಕ್ಕೆ ‘-ಇಸು’ ಹಚ್ಚಿತು. ಲೀಯಸದಲ್ಲಿ ‘-ಯೊ-’ ಆಗುವುದಕ್ಕೆ, ‘-ಗಾ-’ ಮಾಡುವುದಕ್ಕೆ.

ಕೇಸಯೊತ ಲೀಯ. (ನೀರು ಕಾಯುತ್ತಿದೆ.)
ಕೇಸಗಾತ ವಿ ಲೀಯ. (ನಾನು ನೀರು ಕಾಯಿಸುತ್ತಿದ್ದೇನೆ.)
ಡೂರಯೊತ. (ಮಳೆ ಶುರುವಾಗುತ್ತಿದೆ.)

ಇಳಿಯುವ ದಾರಿಗೆ ಕನ್ನಡದ ‘ಆರು’ ನೋಡಿ ಕಲಿಯಿರಿ. ಕಾಫಿ ಆರುತ್ತದೆ, ದೀಪ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ. ಬಿಸಿ ಹೋದರೂ, ಬೆಳಕು ಹೋದರೂ, ನೀರು ಹೋದರೂ ಒಂದೇ ಕ್ರಿಯಾಪದ. ಇಂಥದ್ದು ಒಂದೆರಡು ನಿಮ್ಮ ಭಾಷೆಯಲ್ಲೂ ಇದ್ದರೆ ಎಷ್ಟೋ ಪದ ಉಳಿಯುತ್ತದೆ.

ಹೆಜ್ಜೆ 7: ನಿಮಗೆ ಹೇಗೆ ಗೊತ್ತು?

ಹವಾಮಾನದ ಮಾತಿನಲ್ಲಿ ಅರ್ಧಕ್ಕರ್ಧ ಕೇಳಿದ್ದು, ಊಹಿಸಿದ್ದು. ಕನ್ನಡ ಇದನ್ನು ಸಲೀಸಾಗಿ ಹೇಳುತ್ತದೆ. ‘ಮಳೆ ಬರುತ್ತದಂತೆ’ ಅಂದರೆ ಯಾರೋ ಹೇಳಿದ್ದು. ‘ಮಳೆ ಬರುವ ಹಾಗಿದೆ’ ಅಂದರೆ ಮೋಡ ನೋಡಿದ್ದೇನೆ. ‘ಮಳೆ ಬಂದೀತು’ ಅಂದರೆ ಬಂದರೂ ಬರಬಹುದು, ಕೊಡೆ ಇಟ್ಟುಕೋ. ಈ ‘ಬಂದೀತು’ ರೂಪ ಆಡುಮಾತಿನಲ್ಲಿ ಕಡಿಮೆ ಆಗುತ್ತಿದೆ. ನನಗಂತೂ ಬೇಸರ. ಒಂದೇ ಪದದಲ್ಲಿ ಅಷ್ಟು ಅನುಮಾನ ತುಂಬುವ ಸೌಲಭ್ಯ ಎಲ್ಲ ಭಾಷೆಗೂ ಸಿಗುವುದಿಲ್ಲ.

ನಾನು ಮೂರು ಗುರುತು ಇಟ್ಟಿದ್ದೇನೆ. ‘-ವೆ’ ಬಾಯಿಂದ ಬಾಯಿಗೆ ಬಂದದ್ದು. ‘-ರೊ’ ಕುರುಹು ನೋಡಿ ಊಹಿಸಿದ್ದು. ಮೂರನೆಯದು ನಮ್ಮ ಊರಿನ ಮಾಡಿನಿಂದ ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹಂಚು ಎಲ್ಲೆಲ್ಲಿಗೋ ಹೋಯಿತು. ಹಂಚಿನ ಮಾಡಿನ ಕೆಳಗೆ ಮಲಗಿದವರಿಗೆ ಮಳೆ ಮೊದಲು ಕಿವಿಗೆ ಬರುತ್ತದೆ. ಕಣ್ಣು ಬಿಡದೆಯೇ ಗೊತ್ತಾಗುತ್ತದೆ. ಇದು ನೋಡಿದ್ದೂ ಅಲ್ಲ, ಯಾರೋ ಹೇಳಿದ್ದೂ ಅಲ್ಲ. ಹಾಗಾಗಿ ಕಿವಿಯ ಸಾಕ್ಷಿಗೆ ‘-ಹಾ’.

ಡೂರಮಿವೆ. (ಮಳೆ ಬರುತ್ತದಂತೆ.)
ಡೂರಕರೊ. (ಮಳೆ ಬಂದು ಹೋಗಿರಬೇಕು, ಅಂಗಳ ಒದ್ದೆ ಇದೆ.)
ಡೂರತಹಾ. (ಮಳೆ ಬರುತ್ತಿದೆ, ಸದ್ದು ಕೇಳಿಸುತ್ತಿದೆ.)

ಪ್ರತ್ಯಯಗಳ ಸಾಲು ತಪ್ಪಬಾರದು: ಧಾತು, ಅಳತೆ, ಬದಲಾವಣೆ, ಕಾಲ, ಸಾಕ್ಷಿ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ. ನಾನು ಬರೆದಿರಲಿಲ್ಲ. ಆರು ತಿಂಗಳ ಹಳೆಯ ವಾಕ್ಯಗಳನ್ನೆಲ್ಲ ತಿದ್ದಬೇಕಾಯಿತು.

ಹೆಜ್ಜೆ 8: ಗಾಳಿ ಮತ್ತು ಕಾಲ

ಗಾಳಿಗೆ ದಿಕ್ಕು ಬೇಕು, ಅಷ್ಟೇ. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್‌ಕಾಯಿ (ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ). ಮೂಡುಬಿದಿರೆ, ಪಡುಬಿದ್ರಿ, ಯಕ್ಷಗಾನದ ತೆಂಕು ತಿಟ್ಟು, ಬಡಗು ತಿಟ್ಟು ಎಲ್ಲವೂ ಈ ದಿಕ್ಕುಗಳ ಮೇಲೇ ನಿಂತಿವೆ. ಕಡಲವರಾದರೆ ದಿಕ್ಕಿನ ಪದ ‘ಕಡಲ ಕಡೆ’, ‘ದಡದ ಕಡೆ’ ಅಂತ ಇದ್ದರೂ ನಡೆಯುತ್ತದೆ. ಹಗಲು ಕಡಲಿನಿಂದ, ರಾತ್ರಿ ದಡದಿಂದ ಗಾಳಿ ಬೀಸುವುದು ಅವರಿಗೆ ಗಡಿಯಾರ ಇದ್ದ ಹಾಗೆ.

ಕಾಲಗಳನ್ನು ನಾಲ್ಕೇ ಮಾಡಬೇಕೆಂಬ ನಿಯಮ ಇಲ್ಲ. ಸೂರ್ಯ 27 ನಕ್ಷತ್ರಗಳನ್ನು ವರ್ಷದಲ್ಲಿ ಸುತ್ತುವ ಲೆಕ್ಕ ಹಿಡಿದು ನಮ್ಮ ಹಿರಿಯರು ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ಹೆಸರಿಟ್ಟರು. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನುವ ಗಾದೆಯಲ್ಲಿ ಮತ್ತೆ ಅದೇ ‘ಆರು’. ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲ. ಆ 61 ದಿನವೇ ಒಂದು ಕಾಲ ಆಗಬಾರದೇಕೆ? ಲೀಯಸದಲ್ಲಿ ಅದಕ್ಕೆ ‘ಬಲೆ ಹೊಲಿಯುವ ಕಾಲ’ ಎಂದೇ ಹೆಸರು.

ಹೆಜ್ಜೆ 9: ಬಿಸಿ ಮನಸ್ಸಿಗೆ ಹತ್ತಿದಾಗ

ಹವೆಯ ಪದಗಳು ಹವೆಯಲ್ಲೇ ಉಳಿಯುವುದಿಲ್ಲ. ಇಂಗ್ಲಿಷಿನವರಿಗೆ ಬೆಚ್ಚಗಿನದು ಪ್ರೀತಿ, ತಣ್ಣಗಿನದು ತಿರಸ್ಕಾರ. ಚಳಿ ದೇಶದವರು, ಹಾಗಿರಬೇಕಾದ್ದೇ. ನಮ್ಮಲ್ಲಿ ಹಿರಿಯರ ಆಶೀರ್ವಾದ ‘ನಿನ್ನ ಹೊಟ್ಟೆ ತಣ್ಣಗಿರಲಿ’. ತೊಂದರೆಗೆ ಮಂಗಳೂರಿನ ಪದ ‘ಮಂಡೆಬಿಸಿ’. ಇಲ್ಲಿ ಬಿಸಿ ಅಂದರೆ ಚಿಂತೆ, ತಂಪು ಅಂದರೆ ನೆಮ್ಮದಿ. ನಿಮ್ಮ ಜನರನ್ನು ಮೊದಲ ಹೆಜ್ಜೆಯಲ್ಲಿ ಎಲ್ಲಿ ಕೂರಿಸಿದ್ದೀರಿ ಎಂಬುದನ್ನು ನೋಡಿ ಇದನ್ನು ತೀರ್ಮಾನಿಸಿ. ಸೆಕೆಯಲ್ಲಿ ಬೇಯುವ ದ್ವೀಪದವರ ಬಾಯಲ್ಲಿ ‘ಬೆಚ್ಚಗಿನ ಸ್ವಾಗತ’ ಬಂದರೆ ಎಲ್ಲೋ ಅನುವಾದ ನುಸುಳಿದೆ ಅಂತ ಅರ್ಥ.

ಪದ ಸಾಲದೆ ಬಂದಾಗ ನಾನು ಹಳೆಯ ನಿಘಂಟುಗಳನ್ನು ಸುಮ್ನೆ ತಿರುವುತ್ತೇನೆ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆರು ಸಂಪುಟಗಳ ತುಳು ನಿಘಂಟು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂತು. ಪದ ಕದಿಯಲಿಕ್ಕಲ್ಲ. ಒಂದು ಪದ ಎಷ್ಟು ಕೆಲಸ ಮಾಡಬಹುದು ಎಂಬುದನ್ನು ನೋಡಲಿಕ್ಕೆ.

ಹೆಜ್ಜೆ 10: ಓಡಿಸಿ ನೋಡಿ

ಪಟ್ಟಿ ಸಾಕು. ಒಂದು ಗಳಿಗೆಯನ್ನು ಪೂರ್ತಿ ಹೇಳಲು ಆಗುತ್ತದಾ ನೋಡಿ. ನನ್ನ ಪರೀಕ್ಷೆ ಮತ್ತೆ ಅದೇ ಜಗುಲಿಯಲ್ಲಿ, ಕಳೆದ ಮೇ ಕೊನೆಯಲ್ಲಿ. ದೊಡ್ಡಮ್ಮನ ಮುಂದೆ ಕೂತು ಒಂದೊಂದೇ ಹೇಳಿದೆ.

ಹುಹುಮತ ವಿಲು. (ನನಗೆ ವಿಪರೀತ ಸೆಕೆ.)
ಡೂರಮಿರೊ. (ಮೋಡ ನೋಡಿದರೆ ಮಳೆ ಬರುವ ಹಾಗಿದೆ.)
ಡೂರಯೊತಹಾ. (ಮಳೆ ಶುರುವಾಗುತ್ತಿದೆ, ತೋಟದ ಕಡೆಯಿಂದ ಸದ್ದು ಬರುತ್ತಿದೆ.)
ತಿರಚಿಯೊತ. (ಸ್ವಲ್ಪ ತಂಪಾಗುತ್ತಿದೆ.)

"ಅದೆಲ್ಲ ಸರಿ ಮಗಾ," ಅಂದರು ದೊಡ್ಡಮ್ಮ, "ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲಿಕ್ಕೆ ಹಾಕಿದೆ. ಓಡು, ಚಾಪೆ ಸಮೇತ ಒಳಗೆ ತಾ."

ಹಪ್ಪಳ ಒಳಗೆ ಬಂತು, ಅರ್ಧ ಒದ್ದೆ, ಅರ್ಧ ಒಣ. ಲೀಯಸದಲ್ಲಿ ಒದ್ದೆಗೂ ಪದ ಇರಲಿಲ್ಲ, ಒಣಗುವುದಕ್ಕೂ ಇರಲಿಲ್ಲ. ಆ ರಾತ್ರಿ ಮತ್ತೆ ನೋಟ್‌ಬುಕ್ ತೆಗೆದೆ.